ಬೆರಳಗಲದ ಬೆಳಕು

ಮೊದಲು ಲಾರಿಯ ಚಕ್ರಕ್ಕೆ ಔಷಧಿ ಹೊಡೆಯುತ್ತಾರೆ. ಆಮೇಲೆ ನಮಗೆ.

ಕೋಳಿ ಫಾರಂನ ಗೇಟಿನ ಕಾವಲುಗಾರ ಪಂಪಿನ ಬಾಯಿಯನ್ನು ನಮ್ಮ ಕಡೆ ತಿರುಗಿಸುತ್ತಾನೆ. ನಾವು ಕಣ್ಣು ಮುಚ್ಚಿ ಕೈ ಎತ್ತಿ ನಿಲ್ಲುತ್ತೇವೆ. ಮುಂದೆ ಹೊಡೆದಾದ ಮೇಲೆ ತಿರುಗುತ್ತೇವೆ, ಬೆನ್ನಿಗೆ ಹೊಡೆಯುತ್ತಾನೆ. ಫಾರಂನ ಉಳಿದ ಕೆಲಸದವರಿಗೆ ಸ್ನಾನದ ಕೋಣೆ ಇದೆ. ಬಿಸಿನೀರಿದೆ, ಸೋಪಿದೆ. ಅವರು ಮೈ ತೊಳೆದು, ಒಗೆದ ಬಟ್ಟೆ ಹಾಕಿಕೊಂಡು ಶೆಡ್ಡಿಗೆ ಹೋಗುತ್ತಾರೆ. ಕೋಳಿಗೆ ರೋಗ ತಗಲಬಾರದೆಂದು ಮಾಡಿದ ನಿಯಮ ಅದು. ನಾವು ಅಲ್ಲಿ ಮೈ ತೊಳೆದರೆ ಬೇರೆಯವರು ತೊಳೆಯುವುದಿಲ್ಲವಂತೆ. ಹಾಗೆಂದು ಯಾರೂ ಬರೆದು ಗೋಡೆಗೆ ಅಂಟಿಸಿಲ್ಲ. ಒಂದು ದಿನ ನಮ್ಮ ಜೊತೆಯ ಝೈನುರಾ ಒಳಗೆ ಹೋಗಿ ನಲ್ಲಿ ತಿರುಗಿಸಿದಳು. ಮಾರನೆಯ ದಿನ ಕೋಣೆಗೆ ಬೀಗ ಬಿತ್ತು. ಬೀಗದ ಕೈ ಎಲ್ಲರ ಹತ್ತಿರ ಇತ್ತು, ನಮ್ಮ ಹತ್ತಿರ ಇರಲಿಲ್ಲ.

ನಾವು ಲೂಲಿಗಳು, ಹಿಂದೆ ಊರೂರು ಅಲೆದು ಬದುಕಿದವರ ಕುಲ. ಸಮರ್ಕಂದದವರು ನಮ್ಮನ್ನು ಹಾಗೆ ಕರೆಯುತ್ತಾರೆ. ನಮ್ಮೊಳಗೆ ನಾವು ಮುಗಾತ್ ಎಂದು ಹೇಳಿಕೊಳ್ಳುತ್ತೇವೆ. ಬಸ್ಸಿನಲ್ಲಿ ನಮ್ಮ ಪಕ್ಕದ ಸೀಟು ಕೊನೆಯ ನಿಲ್ದಾಣದವರೆಗೂ ಖಾಲಿ ಇರುತ್ತದೆ. ಅದಕ್ಕೆ ಸಿಟ್ಟು ಮಾಡಿಕೊಳ್ಳುವುದನ್ನು ನಾನು ಯಾವತ್ತೋ ಬಿಟ್ಟೆ. ಕಾಲು ಚಾಚಲು ಜಾಗ ಸಿಕ್ಕಿತು ಅಂದುಕೊಳ್ಳುತ್ತೇನೆ. ನನಗೀಗ ಐವತ್ತೊಂದು ವರ್ಷ, ಕಾಲು ಬಹಳ ನೋಯುತ್ತದೆ.

ನನ್ನ ಹೆಸರು ಶರೋಫತ್. ಆರನೇ ಶೆಡ್ಡಿನಲ್ಲಿ ನಾವು ಮೂವರು ಹೆಂಗಸರು. ನಾನು, ನನ್ನ ಸೊಸೆ ಖೋಸಿಯತ್, ನಮ್ಮದೇ ಕೇರಿಯ ಝೈನುರಾ. ನಮ್ಮ ಮೇಲೆ ಮೇಸ್ತ್ರಿ ಸೋಬಿರ್. ಅವನು ನನಗಿಂತ ಇಪ್ಪತ್ತು ವರ್ಷ ಚಿಕ್ಕವನು. ಈ ನಾಡಿನಲ್ಲಿ ಹೆತ್ತ ಮಕ್ಕಳನ್ನೂ ಬಹುವಚನದಲ್ಲಿ ಮಾತಾಡಿಸುವವರಿದ್ದಾರೆ. ಸೋಬಿರ್ ನನ್ನನ್ನು ಹೋಗೇ ಬಾರೇ ಅನ್ನುತ್ತಾನೆ.

ಆರನೇ ಶೆಡ್ಡಿಗೆ ಕಿಟಕಿಯಿಲ್ಲ. ಒಂದು ತುದಿಯಲ್ಲಿ ನಿಂತರೆ ಇನ್ನೊಂದು ತುದಿ ಕಾಣುವುದಿಲ್ಲ. ಒಳಗೆ ಇಪ್ಪತ್ತು ಸಾವಿರ ಕೋಳಿ. ಕಳೆದ ವಸಂತದಲ್ಲಿ ಅಲ್ಲಿದ್ದ ಬಿಳಿ ದೀಪಗಳನ್ನು ಕಿತ್ತು ಬಣ್ಣದ ದೀಪ ಹಾಕಿದರು. ಮರಿ ಬಂದ ಮೊದಲ ಹತ್ತು ದಿನ ಹಸಿರು, ಅಲ್ಲಿಂದ ಲಾರಿ ಹತ್ತುವವರೆಗೆ ನೀಲಿ. ಮೊದಲು ಪಕ್ಕದ ಹಳ್ಳಿಯವರು ಆ ಶೆಡ್ಡಿನಲ್ಲಿ ಕೆಲಸ ಮಾಡಿದರು. ಎರಡು ವಾರಕ್ಕೆ ತಲೆ ನೋವು, ಕಣ್ಣುರಿ, ವಾಂತಿ ಅಂದರು. ಅವರನ್ನು ಬೇರೆ ಶೆಡ್ಡಿಗೆ ಹಾಕಿದರು. ಆಗ ಸೋಬಿರ್‌ಗೆ ನಮ್ಮ ಕೇರಿಯ ನೆನಪಾಯಿತು.

ದೀಪ ಹಾಕಿಸಿದವರು ಸಂಶೋಧನಾ ಸಂಸ್ಥೆಯಿಂದ ಬಂದ ಮಖ್ಸೂದ್ ಎಂಬವರು. ಓದಿದವರನ್ನು ಇಲ್ಲಿ ದೊಮ್ಲಾ ಅನ್ನುತ್ತಾರೆ, ನಾವೂ ಹಾಗೇ ಕರೆಯುತ್ತೇವೆ. ದೊಮ್ಲಾ ಕೆಟ್ಟವರಲ್ಲ. ನಮಗೆ ನೀವು ಅನ್ನುತ್ತಾರೆ. ವಾರಕ್ಕೊಮ್ಮೆ ಬಂದು ಮೂವತ್ತು ಕೋಳಿ ಹಿಡಿಸಿ, ತೂಗಿ, ರೆಕ್ಕೆಯಡಿಯ ನರದಿಂದ ರಕ್ತ ತೆಗೆದು ಸಣ್ಣ ಸಣ್ಣ ಸೀಸೆಗೆ ತುಂಬಿಕೊಂಡು ಹೋಗುತ್ತಾರೆ. ಕೋಳಿ ಹಿಡಿದುಕೊಳ್ಳುವವಳು ನಾನು. ಮೊದಲ ಸಲ ಹಿಡಿದಾಗ ಕೇಳಿದೆ.

"ಈ ರಕ್ತ ಯಾಕೆ ದೊಮ್ಲಾ?"

"ಹಾರ್ಮೋನು ನೋಡೋಕೆ ಅಮ್ಮಾ. ಮೈ ಬೆಳೆಸೋ ರಸ ಅಂದ್ಕೊಳ್ಳಿ. ಹಸಿರು ಬೆಳಕಲ್ಲಿ ಮರಿಗೆ ಬೆಳವಣಿಗೆ ರಸ ಜಾಸ್ತಿ ಆಗುತ್ತೆ. ಆಮೇಲೆ ನೀಲಿ ಕೊಟ್ರೆ ಗಂಡು ರಸ ಜಾಸ್ತಿ ಆಗುತ್ತೆ, ಎದೆ ಮಾಂಸ ತುಂಬುತ್ತೆ. ಜಗಳ ಆಡಲ್ಲ, ತಿಂದು ತೆಪ್ಪಗಿರುತ್ತೆ. ಕೆಂಪು ಹಾಕಿದ್ರೆ ಒಂದನ್ನೊಂದು ಕುಕ್ಕುತ್ತೆ."

"ಕಣ್ಣಿಂದ ನೋಡಿದ್ದಕ್ಕೇ ಇಷ್ಟೆಲ್ಲ ಆಗುತ್ತಾ?"

"ಬರೀ ಕಣ್ಣಿಂದ ಅಲ್ಲ. ಕೋಳಿ ಬುರುಡೆ ತೆಳು. ಬೆಳಕು ಬುರುಡೆ ದಾಟಿ ನೇರ ಮಿದುಳಿಗೇ ಹೋಗುತ್ತೆ."

ಇದನ್ನು ನಾನು ಝೈನುರಾಗೆ ಹೇಳಿದೆ. ಅವಳು ಸತ್ತ ಕೋಳಿಯನ್ನು ಬಕೆಟ್ಟಿಗೆ ಎಸೆದು ತನ್ನ ತಲೆ ಮುಟ್ಟಿ ನೋಡಿಕೊಂಡಳು.

"ನಮ್ಮ ಬುರುಡೆ ಬೈಸ್ಕೊಂಡು ಬೈಸ್ಕೊಂಡು ದಪ್ಪ ಆಗಿದೆ ಬಿಡಕ್ಕ. ಯಾವ ಬೆಳಕೂ ಒಳಗೆ ಹೋಗಲ್ಲ. ಆದ್ರೂ ಈ ದೀಪ ಒಳ್ಳೇದೇ. ಇದ್ರಲ್ಲಿ ಸೋಬಿರ್ ಮುಖಾನೂ ನಮ್ಮವರ ಮುಖದ ಥರಾನೇ ಕಪ್ಪಗೆ ಕಾಣುತ್ತೆ."

ಖೋಸಿಯತ್ ನಕ್ಕಳು. ಅವಳು ನಗುವುದು ಕಡಿಮೆ. ನನ್ನ ಮಗ ರಷ್ಯಾದಲ್ಲಿ ಇಟ್ಟಿಗೆ ಹೊರುತ್ತಾನೆ. ಅವನು ಹೋದಾಗ ಅವಳಿಗೆ ಒಂದು ತಿಂಗಳು ತಪ್ಪಿತ್ತು. ಮದುವೆಯಾಗಿ ಐದು ವರ್ಷಕ್ಕೆ ನಿಂತ ಮೊದಲ ಬಸಿರು ಅದು. ಅವಳನ್ನು ಫಾರಂಗೆ ಕರೆದುಕೊಂಡು ಹೋದವಳು ನಾನೇ. ಇದನ್ನು ಬೇರೆ ಯಾರೂ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಕೆಲಸ ಇಷ್ಟೇ. ಬೆಳಿಗ್ಗೆ ಎರಡು ಬಕೆಟ್ ಹಿಡಿದು ಸಾಲು ಸಾಲಾಗಿ ನಡೆಯಬೇಕು. ಬಗ್ಗಬೇಕು, ಸತ್ತದ್ದನ್ನು ಎತ್ತಬೇಕು. ಕಾಲು ಮುರಿದು ಕೂತದ್ದರ ಕತ್ತು ತಿರುಚಬೇಕು. ಮೂವತ್ತು ದಿನ ದಾಟಿದ ಮೇಲೆ ಕೋಳಿಗೆ ಎದೆ ಎಷ್ಟು ಭಾರವೆಂದರೆ ಕಾಲು ತಡೆಯುವುದಿಲ್ಲ, ಕೂತಲ್ಲೇ ಕೂತು ತಿನ್ನುತ್ತದೆ. ಆಮೇಲೆ ನೀರಿನ ಪೈಪು ಸೋರುವ ಕಡೆ ಬಟ್ಟೆ ಕಟ್ಟಬೇಕು. ಕೋಳಿಯ ಕಾಲಡಿ ಹಾಸಿದ ಹೊಟ್ಟು ನೆನೆದರೆ ಅದನ್ನು ಸಲಿಕೆಯಿಂದ ಬಾಚಿ ಗಾಡಿಗೆ ತುಂಬಬೇಕು. ಆ ಹೊಟ್ಟಿನ ಘಾಟಿಗೆ ಮೂಗಿನೊಳಗೆ ಹುಣ್ಣಾಗುತ್ತದೆ. ಮಧ್ಯಾಹ್ನ ಎರಡು ಗಂಟೆ ಹೊತ್ತು ದೀಪ ಆರಿಸುತ್ತಾರೆ. ಕೋಳಿಗೆ ನಿದ್ದೆ ಬೇಕು, ನಿದ್ದೆಯಿಲ್ಲದಿದ್ದರೆ ಆ ರಸ ಹುಟ್ಟುವುದಿಲ್ಲವಂತೆ. ಕೋಳಿ ಮಲಗಿದ ಆ ಎರಡು ಗಂಟೆ ನಮ್ಮನ್ನು ನಾಲ್ಕನೇ ಶೆಡ್ಡಿನ ಗೊಬ್ಬರ ಎತ್ತಲು ಕಳಿಸುತ್ತಾರೆ. ಮನೆಗೆ ಹೋದರೆ ನಮಗೆ ನಿದ್ದೆ ಹತ್ತುವುದಿಲ್ಲ. ಮುಟ್ಟು ಹಿಂದೆ ಮುಂದೆ ಆಗುತ್ತಿದೆ ಎಂದು ಝೈನುರಾ ದೂರುತ್ತಾಳೆ. ನಮ್ಮ ರಕ್ತ ತೆಗೆದು ನೋಡಲು ಯಾರೂ ಸೀಸೆ ತಂದಿಲ್ಲ.

ಒಳಗೆ ಟಾರ್ಚು ತರುವಂತಿಲ್ಲ. ಫೋನನ್ನು ಗೇಟಿನಲ್ಲೇ ಇಟ್ಟು ಬರಬೇಕು. ಶೆಡ್ಡಿನೊಳಗೆ ಬಿಳಿ ಬೆಳಕು ಒಂದು ಚೂರೂ ಬೀಳಬಾರದು.

ಅವತ್ತು ಕೋಳಿಗೆ ಇಪ್ಪತ್ತೊಂಬತ್ತನೆಯ ದಿನ. ಖೋಸಿಯತ್‌ಗೆ ಐದು ತಿಂಗಳು ತುಂಬಿತ್ತು. ಬೆಳಿಗ್ಗೆ ಬಕೆಟ್ ಕೆಳಗಿಟ್ಟು ಅವಳು ನನ್ನ ಹತ್ತಿರ ಬಂದಳು.

"ಅಮ್ಮಾ, ಪೈಜಾಮ ಒದ್ದೆ ಆಗಿದೆ."

ನಾನು ಬಗ್ಗಿ ನೋಡಿದೆ. ಮೊಣಕಾಲ ತನಕ ಕಪ್ಪಗೆ ಒದ್ದೆ. ಅವಳು ಕೂತು ಬಟ್ಟೆ ಕಟ್ಟಿದ್ದ ಜಾಗದಲ್ಲಿ ಹೊಟ್ಟೂ ಕಪ್ಪಗೆ ಒದ್ದೆಯಾಗಿತ್ತು. ಆ ನೀಲಿ ದೀಪದಡಿ ನೀರು ಬಿದ್ದದ್ದೆಲ್ಲ ಹಾಗೇ ಕಾಣುತ್ತದೆ. ಮೂಗಿಗಂತೂ ಬೇರೆ ಏನೂ ಗೊತ್ತಾಗುವಂತಿಲ್ಲ.

"ಪೈಪು ಸೋರ್ತಾ ಇದೆ ಕಣೇ. ಇನ್ನೊಂದು ಸುತ್ತು ಬಟ್ಟೆ ಕಟ್ಟು," ಅಂದೆ.

ಅವಳು ಹೋಗಿ ಕಟ್ಟಿದಳು. ಆಮೇಲೆ ನಾಲ್ಕು ಗಂಟೆ ಕಾಲ ಕೆಲಸ ಮಾಡಿದಳು. ಸೊಂಟ ಎಳೆಯುತ್ತದೆ ಅಂದಳು. ನನಗೂ ಎಳೆಯುತ್ತದೆ ಅಂದೆ. ಮಧ್ಯಾಹ್ನದ ಹೊತ್ತಿಗೆ ಅವಳು ಮೇವಿನ ಡಬ್ಬಕ್ಕೆ ಒರಗಿ ಕೂತುಬಿಟ್ಟಳು. ಎಬ್ಬಿಸಲು ಕೈ ಹಿಡಿದೆ. ಕೈ ಅಂಟಂಟಾಗಿತ್ತು. ನೀರು ಅಂಟುವುದಿಲ್ಲ.

ನಾನು ಅವಳನ್ನು ಎಳೆದುಕೊಂಡು ಲಾರಿ ಬರುವ ದೊಡ್ಡ ಬಾಗಿಲಿಗೆ ಹೋದೆ. ಅಗುಳಿ ಎತ್ತಿ ತೆರೆದೆ. ಬಿಸಿಲು ಒಳಗೆ ಬಂತು. ಆಗ ಕೆಂಪು ಕಂಡಿತು. ಅವಳ ಪೈಜಾಮ, ರಬ್ಬರು ಬೂಟು, ನನ್ನ ಎರಡು ಕೈ. ಬೆಳಗಿನಿಂದಲೂ ಅದು ರಕ್ತವೇ ಆಗಿತ್ತು. ನಾನು ಅದಕ್ಕೆ ಬಟ್ಟೆ ಕಟ್ಟು ಎಂದಿದ್ದೆ.

ಬೆಳಿಗ್ಗೆಯೇ ಕರೆತಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದು ಆಸ್ಪತ್ರೆಯ ಡಾಕ್ಟರಮ್ಮ ಹೇಳಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮಗು ಗಂಡು. ಅಂಗೈ ಉದ್ದಕ್ಕಿಂತ ಸ್ವಲ್ಪ ದೊಡ್ಡದು.

ಮಾರನೆಯ ದಿನ ನಾನು ಕೆಲಸಕ್ಕೆ ಹೋದೆ. ಬರದಿದ್ದರೆ ಇನ್ನೊಬ್ಬಳನ್ನು ಹುಡುಕುತ್ತೇನೆ ಎಂದು ಸೋಬಿರ್ ಹೇಳಿ ಕಳಿಸಿದ್ದ. ದೊಮ್ಲಾ ಶೆಡ್ಡಿನ ಮುಂದೆ ಕಾಯುತ್ತಿದ್ದರು. ಕೈಯಲ್ಲಿ ಬರೆಯುವ ಪುಸ್ತಕ.

"ಶರೋಫತಮ್ಮಾ, ನಿನ್ನೆ ಬಾಗಿಲು ಎಷ್ಟು ನಿಮಿಷ ತೆರೆದಿತ್ತು?"

"ಗೊತ್ತಿಲ್ಲ ದೊಮ್ಲಾ."

"ಅಂದಾಜು ಹೇಳಿ. ಐದಾ? ಹತ್ತಾ?"

"ಮಗು ಹೋಯ್ತು ದೊಮ್ಲಾ."

"ಗೊತ್ತಾಯ್ತು. ನನಗೂ ಬಹಳ ಬೇಜಾರಾಯ್ತು." ಅವರು ನೆಲ ನೋಡಿದರು. ನಿಜವಾಗಿಯೂ ಬೇಜಾರಾಗಿತ್ತು. ಪುಸ್ತಕ ಬಿಡಿಸಿ ಕೇಳಿದರು. "ಹತ್ತು ಅಂತ ಬರೀಲಾ?"

ಬರೆದುಕೊಳ್ಳಿ ಅಂದೆ. ಬರೆದುಕೊಂಡರು.

"ಒಂದು ಬಿಳಿ ದೀಪ ಕೊಡಿ," ಎಂದು ಕೇಳಿದೆ. "ದೊಡ್ಡದು ಬೇಡ. ಒಂದು ಟಾರ್ಚು. ನಮ್ಮ ಮೈಯಿಂದ ಏನು ಹೋಗ್ತಿದೆ ಅಂತ ನೋಡ್ಕೊಳ್ಳೋಕೆ."

"ಒಳಗೆ ಹಚ್ಚೋ ಹಾಗಿಲ್ಲಮ್ಮಾ. ಒಂದು ಸಲ ಬಿಳಿ ಬೆಳಕು ಬಿದ್ರೆ ಅವುಗಳ ರಸದ ಲೆಕ್ಕ ಎಲ್ಲ ತಪ್ಪುತ್ತೆ. ಎರಡು ವರ್ಷದ ಕೆಲಸ ಇದು. ನೋಡ್ಕೊಬೇಕು ಅಂದ್ರೆ ಹೊರಗೆ ಹೋಗಿ ನೋಡ್ಕೊಳ್ಳಿ."

"ಮಧ್ಯಾಹ್ನ ಬಿಟ್ರೆ ಹೊರಗೆ ಹೋಗೋಕೆ ಸೋಬಿರ್ ಬಿಡಲ್ಲ. ಹೋಗಿ ಬಂದ್ರೆ ಮತ್ತೆ ಔಷಧಿ ಹೊಡೀಬೇಕು, ಔಷಧಿ ದಂಡ ಅಂತಾನೆ."

"ನಾನು ಅವನಿಗೆ ಹೇಳ್ತೀನಿ," ಅಂದರು. ಹೇಳಿದರೋ ಇಲ್ಲವೋ ಗೊತ್ತಿಲ್ಲ. ಸೋಬಿರ್ ಬಿಡಲಿಲ್ಲ.

ನಮ್ಮಲ್ಲಿ ಹೆತ್ತವಳು ನಲವತ್ತು ದಿನ ಹೊಸ್ತಿಲು ದಾಟಬಾರದು. ಮಗು ಉಳಿಯಲಿ ಬಿಡಲಿ, ಮೈ ಹೆತ್ತ ಮೈಯೇ. ಕೋಳಿಯ ಇಡೀ ಆಯಸ್ಸೂ ನಲವತ್ತು ದಿನ, ಅಷ್ಟರಲ್ಲಿ ಅದು ಹುಟ್ಟಿ, ಬೆಳೆದು, ಲಾರಿ ಹತ್ತುತ್ತದೆ. ಕೋಳಿಗೆ ಒಂದು ದಿನವೂ ಕಡಿಮೆಯಾಗದಂತೆ ನೋಡಿಕೊಂಡರು. ಖೋಸಿಯತ್‌ಗೆ ಹತ್ತೊಂಬತ್ತು ದಿನ ಸಿಕ್ಕಿತು. ಇಪ್ಪತ್ತನೆಯ ದಿನ ಸೋಬಿರ್ ನಮ್ಮ ಕೇರಿಗೆ ಬಂದ. ಒಳಗೆ ಬರಲಿಲ್ಲ, ಬೀದಿಯಲ್ಲಿ ಗಾಡಿಯ ಮೋಟಾರು ಆರಿಸದೆ ಅದರಲ್ಲೇ ಕೂತು ಕೂಗಿದ.

"ನಾಳೆ ಹೊಸ ಮರಿ ಬರ್ತಿದೆ. ಮೂರು ಜನ ಬಂದ್ರೆ ಬನ್ನಿ, ಇಲ್ಲಾಂದ್ರೆ ಒಬ್ರೂ ಬೇಡ. ನಿಮ್ಮ ಕೇರಿಯವರನ್ನ ಕರೀಬೇಡ ಅಂತ ಮೊದಲೇ ಎಲ್ರೂ ಹೇಳಿದ್ರು ನಂಗೆ."

ಖೋಸಿಯತ್ ಹೊದಿಕೆ ಮಡಿಸಿಟ್ಟು ಎದ್ದಳು. ಅವಳಿಗೆ ಇನ್ನೂ ಆಗಾಗ ರಕ್ತ ಹೋಗುತ್ತಿತ್ತು. ಮತ್ತೆ ಜೋರಾದರೆ ತಡಮಾಡದೆ ಕರೆತನ್ನಿ, ತಡವಾದರೆ ಇವಳೇ ಉಳಿಯುವುದಿಲ್ಲ ಎಂದು ಡಾಕ್ಟರಮ್ಮ ನನ್ನ ಕೈ ಹಿಡಿದು ಹೇಳಿದ್ದರು. ನಾನು ತಲೆಯಾಡಿಸಿದ್ದೆ. ಆ ಶೆಡ್ಡಿನಲ್ಲಿ ಜೋರೋ ಅಲ್ಲವೋ ಎಂದು ಯಾರಿಗೆ ಗೊತ್ತಾಗುತ್ತದೆ ಎಂದು ಅವರಿಗೆ ಹೇಳಲಿಲ್ಲ.

ಬಿರುಕನ್ನು ಕಂಡುಹಿಡಿದದ್ದು ಖೋಸಿಯತ್. ಮೇವಿನ ಡಬ್ಬದ ಹಿಂದೆ ಒಂದು ದೊಡ್ಡ ಫ್ಯಾನಿದೆ. ಅದರ ತಗಡಿನ ರೆಪ್ಪೆಯೊಂದು ಸೊಟ್ಟಗಾಗಿತ್ತು. ಅಲ್ಲಿಂದ ಬೆರಳಗಲದ ಬಿಸಿಲು ಒಳಗೆ ಬಂದು ಗೋಡೆಯ ಮೇಲೆ ಬೀಳುತ್ತಿತ್ತು, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ. ಖೋಸಿಯತ್ ಗಂಟೆಗೊಮ್ಮೆ ಡಬ್ಬದ ಹಿಂದೆ ಹೋಗುತ್ತಿದ್ದಳು. ಬಟ್ಟೆಯಲ್ಲಿ ಒರೆಸಿ ಆ ಬೆಳಕಿಗೆ ಹಿಡಿಯುತ್ತಿದ್ದಳು. ಬಂದು ನನಗೆ ತಲೆಯಲ್ಲಾಡಿಸಿ ಏನಿಲ್ಲ ಎನ್ನುತ್ತಿದ್ದಳು. ನಾನು ಮತ್ತೆ ಬಗ್ಗಿ ಕೆಲಸ ಮಾಡುತ್ತಿದ್ದೆ. ಝೈನುರಾ ಕೂಡ ಬೆರಳಿಗೆ ತಗಡು ಕುಯ್ದರೆ ಅಲ್ಲಿಗೇ ಹೋಗಿ ನೋಡಿಕೊಳ್ಳುತ್ತಿದ್ದಳು. ಆ ಬೆರಳಗಲದ ಬೆಳಕೇ ನಮ್ಮ ಡಾಕ್ಟರು. ಅದರ ಬಗ್ಗೆ ನಾವು ತಮಾಷೆಗೂ ಬಾಯಿ ಬಿಡಲಿಲ್ಲ.

ಆದರೆ ಕೋಳಿಗಳು ಗುಟ್ಟು ಬಿಟ್ಟುಕೊಟ್ಟವು. ಬೆಳಿಗ್ಗೆಯಾದರೆ ಸಾಕು, ನೂರಾರು ಕೋಳಿ ಆ ಗೋಡೆಯ ಕೆಳಗೆ ಗುಂಪುಗೂಡುತ್ತಿದ್ದವು. ಕೋಳಿಗೆ ಮೂವತ್ತಮೂರನೆಯ ದಿನ, ದೊಮ್ಲಾ ಬೆಳಕು ಅಳೆಯುವ ಯಂತ್ರ ಹಿಡಿದು ಬಂದರು. ಹಿಂದೆ ಸೋಬಿರ್. ಕೋಳಿಗಳ ಗುಂಪು ನೋಡಿ ದೊಮ್ಲಾ ಡಬ್ಬದ ಹಿಂದೆ ಹೋದರು. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ಕರೆದರು.

"ಶರೋಫತಮ್ಮಾ, ಇಲ್ಲಿ ಬನ್ನಿ. ಇದು ಯಾವಾಗಿಂದ ಹೀಗಿದೆ?"

"ಗೊತ್ತಿಲ್ಲ."

"ಸುಳ್ಳು ಬೊಗಳ್ತಾಳೆ," ಅಂದ ಸೋಬಿರ್. "ಇವರೇ ಬಗ್ಗಿಸಿರ್ತಾರೆ. ಹೊರಗೆ ಕೋಳಿ ಸಾಗಿಸೋಕೆ."

"ಆ ಸಂದೀಲಿ ಕೋಳಿ ತೂರಿಸಿ ತೋರ್ಸಪ್ಪ, ನೋಡೋಣ," ಅಂದಳು ಝೈನುರಾ. "ನಿನ್ನ ಕಿರುಬೆರಳೂ ಹೋಗಲ್ಲ."

ದೊಮ್ಲಾ ಅವಳ ಮಾತು ಕೇಳಿಸಿಕೊಳ್ಳಲಿಲ್ಲ. ಚೀಲದಿಂದ ಕಪ್ಪು ಟೇಪಿನ ಸುರುಳಿ ತೆಗೆದು ನನ್ನ ಕೈಗೆ ಕೊಟ್ಟರು.

"ಎರಡು ಪದರ ಅಂಟಿಸಿಬಿಡಿ. ಗಾಳಿಗೆ ಏಳಬಾರದು."

ಆಗ ಖೋಸಿಯತ್ ನನ್ನ ತೋಳು ಹಿಡಿದಳು. ಕಿವಿಯ ಹತ್ತಿರ ಬಂದು ಹೇಳಿದಳು.

"ಅಮ್ಮಾ, ಒದ್ದೆ ಆಗಿದೆ. ಜಾಸ್ತೀನೇ ಆಗಿದೆ. ನೋಡ್ಬೇಕು."

ನಾನು ದೊಮ್ಲಾ ಕಡೆ ತಿರುಗಿದೆ.

"ಎರಡು ನಿಮಿಷ ಆಚೆ ಹೋಗಿ ದೊಮ್ಲಾ. ಹುಡುಗಿ ಇಲ್ಲಿ ಏನೋ ನೋಡ್ಕೊಬೇಕು. ಆಮೇಲೆ ಅಂಟಿಸ್ತೀನಿ."

"ಇಲ್ಲಿ ಏನು ನೋಡ್ಕೊಳ್ಳೋದು?"

"ಹೆಂಗಸರ ವಿಷಯ."

ಅವರಿಗೆ ಅರ್ಥವಾಯಿತು. ಮುಖ ಬೇರೆ ಕಡೆ ತಿರುಗಿಸಿದರು. ಯಂತ್ರ ನೋಡಿದರು, ಬಿರುಕು ನೋಡಿದರು, ಕೋಳಿಗಳನ್ನು ನೋಡಿದರು.

"ಮೊದಲು ಅಂಟಿಸಿಬಿಡಿ ಅಮ್ಮಾ," ಅಂದರು ಮೆಲ್ಲಗೆ. "ಪ್ರತಿ ನಿಮಿಷವೂ ಲೆಕ್ಕಕ್ಕೆ ಬರುತ್ತೆ. ಕೆಲಸ ಮುಗಿಸಿ ಹೊರಗೆ ಹೋದಾಗ ನೋಡ್ಕೊಂಡ್ರಾಯ್ತು."

"ಅಂಟಿಸೇ," ಅಂದ ಸೋಬಿರ್.

ನನಗೆ ಸಿಟ್ಟು ಬರಲಿಲ್ಲ. ಬರಬೇಕಿತ್ತು, ಬರಲಿಲ್ಲ. ಬಹಳ ಸುಸ್ತಾಯಿತು. ಬೆಳಿಗ್ಗೆ ಗೇಟಿನಲ್ಲಿ ಎತ್ತಿದ ಕೈಯನ್ನು ಇನ್ನೂ ಕೆಳಗಿಳಿಸಿಯೇ ಇಲ್ಲ ಅನ್ನಿಸಿತು. ಟೇಪನ್ನು ಅವರಿಗೆ ವಾಪಸು ಕೊಡುವಷ್ಟು ತಾಳ್ಮೆಯೂ ಇರಲಿಲ್ಲ. ಸತ್ತ ಕೋಳಿಯ ಬಕೆಟ್ಟಿಗೆ ಹಾಕಿದೆ.

ಖೋಸಿಯತ್ ಕೈ ಹಿಡಿದು ದೊಡ್ಡ ಬಾಗಿಲಿನ ಕಡೆ ನಡೆದೆ. ಕೋಳಿಗಳು ಕಾಲಿಗೆ ತೊಡರಿಕೊಂಡವು. ಅವುಗಳಿಗೆ ಓಡಲು ಆಗುವುದಿಲ್ಲ, ನಮಗೂ ಆಗುವುದಿಲ್ಲ. ಹಿಂದಿನಿಂದ ಸೋಬಿರ್ ಏನೇನೋ ಕೂಗುತ್ತಿದ್ದ. ನಮ್ಮ ತಾಯಂದಿರ ಹೆಸರೂ ಅದರಲ್ಲಿ ಬಂತು. ನಾನು ಅಗುಳಿ ಎತ್ತಿದೆ. ಎರಡು ಬಾಗಿಲನ್ನೂ ಪೂರ್ತಿ ತೆರೆದು ಗೋಡೆಗೆ ತಾಗಿಸಿದೆ.

ಬಿಸಿಲು ಒಳಗೆ ಬಂತು. ಕೋಳಿಗಳೆಲ್ಲ ಬೆಳ್ಳಗಿದ್ದವು. ಅವು ಬೆಳ್ಳಗಿರುತ್ತವೆ ಎಂಬುದೇ ನನಗೆ ಮರೆತುಹೋಗಿತ್ತು. ಅವು ತಿನ್ನುವುದು ನಿಲ್ಲಿಸಿ ಕತ್ತು ಎತ್ತಿದವು.

ಖೋಸಿಯತ್ ಗಂಡಸರಿಗೆ ಬೆನ್ನು ಮಾಡಿ ನಿಂತಳು. ನಾನು ನನ್ನ ತಲೆವಸ್ತ್ರ ಬಿಚ್ಚಿ ಮರೆ ಹಿಡಿದೆ. ಅವಳು ಬಟ್ಟೆಯಲ್ಲಿ ಒರೆಸಿ ಹೊರಗೆ ತೆಗೆದಳು. ನನ್ನ ಕೈಗೆ ಕೊಟ್ಟು ತಾನು ಕಣ್ಣು ಮುಚ್ಚಿದಳು.

ನಾನು ನೋಡಿದೆ. ಹಿಂದೆ ಮುಂದೆ ತಿರುಗಿಸಿ ನೋಡಿದೆ. ಮೂಸಿ ನೋಡಿದೆ.

"ನೀರು," ಅಂದೆ. "ಬರೀ ನೀರು ಕಣೇ. ಪೈಪಿಂದು."

ಅವಳು ಅಲ್ಲೇ ಕುಕ್ಕರಿಸಿ ಅಳತೊಡಗಿದಳು. ಮಗು ಹೋದಾಗಲೂ ಅವಳು ಹಾಗೆ ಅತ್ತಿರಲಿಲ್ಲ. ನಾನು ಅವಳ ತಲೆಯ ಮೇಲೆ ಕೈಯಿಟ್ಟೆ.

ಅಷ್ಟರಲ್ಲಿ ಸೋಬಿರ್ ಬಂದ. ಓಡಿ ಬಂದಿದ್ದಕ್ಕೆ ಏದುಸಿರು ಬಿಡುತ್ತಿದ್ದ.

"ನೀರು ತಾನೇ? ಇಷ್ಟಕ್ಕಾ ಈ ಕುಣಿತ? ಮುಚ್ಚು ಬಾಗಿಲು."

ನಾನು ಖಾಲಿ ಬಕೆಟ್ಟೊಂದನ್ನು ಬೋರಲು ಹಾಕಿದೆ. ಬಾಗಿಲ ನಟ್ಟನಡುವೆ ಇಟ್ಟು ಅದರ ಮೇಲೆ ಕೂತೆ. ಕೆಲಸದ ಹೊತ್ತಿನಲ್ಲಿ ನಾನು ಆ ಫಾರಂನಲ್ಲಿ ಕೂತದ್ದು ಅದೇ ಮೊದಲು. ಮೊಣಕಾಲು ಮಡಿಸುವಾಗ ನೋವಾಯಿತು, ಕೂತ ಮೇಲೆ ಹಾಯೆನಿಸಿತು.

"ಮುಚ್ಚಲ್ಲ," ಅಂದೆ.

"ಏನಂದೆ?"

"ಒಳಗೆ ಒಂದು ಬಿಳಿ ದೀಪ ಬರೋ ತನಕ ಮುಚ್ಚಲ್ಲ. ಇವತ್ತು ನೀರು. ನಾಳೆ ಏನಂತ ನಂಗೆ ಗೊತ್ತಾಗ್ಬೇಕು."

"ಏಳೇ ಮೇಲೆ. ಕತ್ತು ಹಿಡಿದು ಎಳೆದು ಹಾಕ್ತೀನಿ."

"ಎಳಿ ಮಗಾ," ಅಂದೆ. "ಲೂಲಿನ ಮುಟ್ಟಿದ ಮೇಲೆ ನೀನು ಸ್ನಾನದ ಕೋಣೆಗೆ ಹೋದ್ರೆ ನಿಮ್ಮವರು ಮತ್ತೆ ಅಲ್ಲಿಗೆ ಬರ್ತಾರಾ ಕೇಳ್ಕೊಂಡು ಬಾ. ಆಮೇಲೆ ಎಳಿ."

ಅವನು ಕೈ ಚಾಚಿದ. ಚಾಚಿದ ಕೈ ಅರ್ಧಕ್ಕೆ ನಿಂತಿತು. ಬಿಸಿಲಿನಲ್ಲಿ ಅದು ಎಲ್ಲರಿಗೂ ಚೆನ್ನಾಗಿ ಕಂಡಿತು. ಅವನೂ ಅದನ್ನೇ ನೋಡಿ ಹಿಂದಕ್ಕೆ ಎಳೆದುಕೊಂಡ.

ಝೈನುರಾ ತನ್ನ ಬಕೆಟ್ಟನ್ನೂ ತಂದು ಬೋರಲು ಹಾಕಿ ನನ್ನ ಪಕ್ಕ ಕೂತಳು. ಅತ್ತಿತ್ತ ನೋಡಿದಳು.

"ಇಲ್ಲಿ ಕೂತ್ರೆ ನಾವೊಬ್ಬರೇ ಕಪ್ಪಗೆ ಕಾಣ್ತೀವಲ್ಲಕ್ಕ."

"ಕಾಣ್ಲಿ ಬಿಡು."

ಖೋಸಿಯತ್ ಮೂಗು ಒರೆಸಿಕೊಂಡು ಬಂದು ನನ್ನ ಕಾಲ ಹತ್ತಿರ ನೆಲದ ಮೇಲೇ ಕೂತಳು. ಒಂದೆರಡು ಕೋಳಿ ಎದೆ ಎಳೆದುಕೊಂಡು ಹೊಸ್ತಿಲವರೆಗೆ ಬಂದು ನಮ್ಮ ಜೊತೆ ಕೂತವು.

ದೊಮ್ಲಾ ನಿಧಾನವಾಗಿ ಬಂದರು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದರು. ನಮ್ಮ ಮೂವರನ್ನೂ ನೋಡಿದರು. ಖೋಸಿಯತ್‌ಳನ್ನು ಅವರು ಬೆಳಕಿನಲ್ಲಿ ನೋಡಿದ್ದು ಅದೇ ಮೊದಲಿರಬೇಕು, ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ಆಮೇಲೆ ಅಭ್ಯಾಸದಂತೆ ಗಡಿಯಾರ ನೋಡಿದರು, ಪುಸ್ತಕ ತೆಗೆದರು. ಬಾಗಿಲು ತೆರೆದ ಸಮಯ ಬರೆದರು. ಪೆನ್ನು ಹಾಗೇ ಹಿಡಿದುಕೊಂಡು ನಿಂತರು.

"ಮುಚ್ಚಿದ ಸಮಯ?" ಎಂದು ಕೇಳಿದರು.

"ಅದನ್ನ ಖಾಲಿ ಬಿಡಿ ದೊಮ್ಲಾ," ಅಂದೆ.